54 ಕೆಜಿ ಹುಡುಗ ಪ್ರೊ ಆಗಬೇಕಾದ್ದು ಯಾವಾಗ?

ಪ್ರಶ್ನೆ: ನಾವು ವಿಜಯಪುರ ಕಡೆಯವರು, ಈಗ ಪುಣೆಯ ಹಡಪ್ಸರದಲ್ಲಿದ್ದೇವೆ. ಮಗನಿಗೆ 17 ವರ್ಷ, ತೂಕ 54 ಕೆಜಿ. ಜಿಲ್ಲಾ ಮಟ್ಟದ ಬಾಕ್ಸಿಂಗ್‌ನಲ್ಲಿ ಗೆಲ್ಲುತ್ತಿದ್ದಾನೆ. ಈಗ ಪ್ರೊ (ದುಡ್ಡಿಗೆ ಆಡುವ ವೃತ್ತಿಪರ ಬಾಕ್ಸರ್) ಆಗ್ತೀನಿ ಅಂತ ಹಟ ಹಿಡಿದಿದ್ದಾನೆ. ಹೂಂ ಅನ್ನೋಣವಾ, ಅಮೆಚೂರ್‌ನಲ್ಲೇ (ಹವ್ಯಾಸಿ ಬಾಕ್ಸಿಂಗ್) ಇರು ಅನ್ನೋಣವಾ?

ಉತ್ತರ: ಈಗಲೇ ಬೇಡ ಅನ್ನಿ. ಇನ್ನೂ ಕೆಲವು ವರ್ಷ ಅಮೆಚೂರ್ ಆಗಿ ಆಡಲಿ. ಈ ಪ್ರಶ್ನೆ ಪುಣೆ, ಮುಂಬೈ ಎರಡೂ ಕಡೆಯಿಂದ ಬರುತ್ತಲೇ ಇರುತ್ತದೆ. ಹೆಚ್ಚಿನವರು ಕೇಳುವುದು ದುಡ್ಡಿನ ಬಗ್ಗೆ. ನನ್ನ ಪ್ರಕಾರ ಕಡಿಮೆ ತೂಕದ ಹುಡುಗರ ವಿಷಯದಲ್ಲಿ ಮೊದಲು ನೋಡಬೇಕಾದ್ದು ತಕ್ಕಡಿ.

ಅಮೆಚೂರ್ ಕೂಟದಲ್ಲಿ ಬೌಟ್ (ಪಂದ್ಯ) ಇರುವ ದಿನ ಬೆಳಿಗ್ಗೆಯೇ ತೂಕ ನೋಡುತ್ತಾರೆ. ಗೆದ್ದು ಮುಂದೆ ಹೋದರೆ ಮುಂದಿನ ಬೌಟಿನ ಬೆಳಿಗ್ಗೆ ಮತ್ತೆ ತಕ್ಕಡಿ ಹತ್ತಬೇಕು. ಹಾಗಾಗಿ ಕೂಟ ಮುಗಿಯುವ ತನಕ ತೂಕ ಹಿಡಿದಿಟ್ಟುಕೊಳ್ಳಲೇಬೇಕು. ಪ್ರೊದಲ್ಲಿ ಹಿಂದಿನ ದಿನವೇ ತೂಕ ನೋಡುವುದು ಮುಗಿದಿರುತ್ತದೆ. ಆಮೇಲೆ ನೀರು, ಊಟ, ನಿದ್ದೆ ಎಲ್ಲಾ ಆಗಿ ರಿಂಗಿಗೆ ಬರುವ ಹೊತ್ತಿಗೆ ಕೆಲವರು ಹಲವು ಕೆಜಿ ಏರಿರುತ್ತಾರೆ. ದೊಡ್ಡ ಮೈಯವರು ಮೈಯ ನೀರು ಒಣಗಿಸಿಕೊಂಡು ಕೆಳಗಿನ ತೂಕಕ್ಕೆ ಇಳಿಯುವುದು ಇದಕ್ಕೇ.

ಇದರ ಬಿಸಿ ಉಕ್ರೇನಿನ ವಸಿಲ್ ಲೊಮಾಚೆಂಕೊಗೂ ತಟ್ಟಿತು. ಅಮೆಚೂರ್ ಆಗಿ 396 ಗೆಲುವು, ಒಂದೇ ಸೋಲು. 2008ರಲ್ಲಿ 57 ಕೆಜಿ, 2012ರಲ್ಲಿ 60 ಕೆಜಿ, ಎರಡು ಒಲಿಂಪಿಕ್ ಚಿನ್ನ. 2013ರಲ್ಲಿ ಪ್ರೊ ಆದರು. 2014ರ ಮಾರ್ಚ್‌ನಲ್ಲಿ, ಎರಡನೇ ಫೈಟಿನಲ್ಲೇ ವಿಶ್ವ ಪಟ್ಟಕ್ಕೆ ನಿಂತರು. ಎದುರಾಳಿ ಮೆಕ್ಸಿಕೋದ ಓರ್ಲಾಂಡೊ ಸಲಿಡೊ. ಮಿತಿ 126 ಪೌಂಡ್, ಅಂದರೆ 57.2 ಕೆಜಿ. ಸಲಿಡೊ ಆ ಮಿತಿಗೆ ಇಳಿಯಲೇ ಇಲ್ಲ, ತಮ್ಮ ಪಟ್ಟದ ಬೆಲ್ಟನ್ನು ತಕ್ಕಡಿಯ ಮೇಲೇ ಕಳೆದುಕೊಂಡರು. ಆದರೂ ಫೈಟ್ ನಡೆಯಿತು. ಮರುದಿನ ರಿಂಗಿಗೆ ಬಂದಾಗ ಸಲಿಡೊ 147 ಪೌಂಡ್, ಲೊಮಾಚೆಂಕೊ 136. ಸಲಿಡೊ ಮೈಮೇಲೆ ಬಿದ್ದು, ಅಪ್ಪಿ ಹಿಡಿದು, ಪಕ್ಕೆಗೆ ಗುದ್ದಿ ಗುದ್ದಿ 12 ರೌಂಡ್ ಆಡಿಸಿದರು. ಮೂವರು ಜಡ್ಜ್‌ಗಳಲ್ಲಿ ಇಬ್ಬರು ಸಲಿಡೊ ಕಡೆ. ಅಮೆಚೂರ್‌ನ ಮೂರು ರೌಂಡಿನಲ್ಲಿ ಎದುರಾಳಿಗೆ ಕೈಗೇ ಸಿಗದ ಆಟಗಾರನಿಗೆ ಇದು ಬೇರೆಯದೇ ಲೋಕ. ಅದೇ ಜೂನ್‌ನಲ್ಲಿ ಗ್ಯಾರಿ ರಸೆಲ್ ಜೂನಿಯರ್ ಅವರನ್ನು ಸೋಲಿಸಿ ಲೊಮಾಚೆಂಕೊ ಪಟ್ಟ ಗೆದ್ದರು. ಅಷ್ಟು ಬೇಗ ಎದ್ದು ನಿಲ್ಲೋಕೆ ಹಿಂದೆ ಸುಮಾರು 400 ಬೌಟ್‌ಗಳ ಅನುಭವ ಇತ್ತು ಅಲ್ವಾ? ನಿಮ್ಮ ಹುಡುಗನಿಗೆ ಈಗ ಬೇಕಾಗಿರುವುದು ಆ ಅನುಭವ.

ರೌಂಡಿನ ಲೆಕ್ಕವೂ ಸಣ್ಣದಲ್ಲ. ಅಮೆಚೂರ್‌ನಲ್ಲಿ ಮೂರು ನಿಮಿಷದ ಮೂರು ರೌಂಡ್. ಪ್ರೊದಲ್ಲಿ ನಾಲ್ಕರಿಂದ ಶುರುವಾಗಿ ವಿಶ್ವ ಪಟ್ಟಕ್ಕೆ 12. ಹಗುರ ತೂಕದವರ ಗ್ಲೌಸ್ ಕೂಡ 10 ಔನ್ಸ್‌ನಿಂದ 8ಕ್ಕೆ ಇಳಿಯುತ್ತದೆ, ಪೆಟ್ಟು ಜಾಸ್ತಿ ತಾಗುತ್ತದೆ. ಚೀನಾದ ಝೌ ಶಿಮಿಂಗ್ ಅತಿ ಕಡಿಮೆ ತೂಕದಲ್ಲಿ 2008, 2012ರ ಒಲಿಂಪಿಕ್ ಚಿನ್ನ ಗೆದ್ದವರು. 31 ವಯಸ್ಸಿಗೆ ಪ್ರೊ ಆದರು, 2016ರಲ್ಲಿ ಫ್ಲೈವೇಟ್ (50.8 ಕೆಜಿ) ವಿಶ್ವ ಪಟ್ಟವೂ ಬಂತು. 2017ರಲ್ಲಿ ಜಪಾನಿನ ಶೋ ಕಿಮುರಾ ಎದುರು ಅಂಕದಲ್ಲಿ ಮುಂದಿದ್ದರೂ 11ನೇ ರೌಂಡಿನಲ್ಲಿ ಕುಸಿದರು. ತೀರಾ ತಡ ಮಾಡಿದರೂ ಕಷ್ಟವೇ.

ಹಾಗಂತ ಪ್ರೊ ಕೆಟ್ಟದ್ದು ಅಂತಲ್ಲ. ಹಗುರ ಮೈಯವರಿಗೆ ಅಲ್ಲಿ ಒಂದು ದೊಡ್ಡ ಅನುಕೂಲ ಇದೆ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಗಂಡಸರಿಗೆ 51 ಕೆಜಿ ಬಿಟ್ಟರೆ ನೇರ 57. 54 ಕೆಜಿಯ ಹುಡುಗ ಹಸಿವಿನಿಂದ ಒಣಗಬೇಕು, ಇಲ್ಲಾ ತನಗಿಂತ ದೊಡ್ಡವರ ಜೊತೆ ಗುದ್ದಾಡಬೇಕು. ಪ್ರೊದಲ್ಲಿ 50.8, 52.2, 53.5, 55.3, 57.2 ಅಂತ ಐದು ಮೆಟ್ಟಿಲು. ನಮ್ಮ ಬಾಕ್ಸರ್ ಅಮಿತ್ ಪಂಘಾಲ್ ಕಥೆ ನೋಡಿ. 2018ರ ಏಷ್ಯನ್ ಗೇಮ್ಸ್‌ನಲ್ಲಿ 49 ಕೆಜಿ ಚಿನ್ನ, ಅದೂ ರಿಯೋ ಒಲಿಂಪಿಕ್ಸ್ ಚಾಂಪಿಯನ್, ಉಜ್ಬೇಕಿಸ್ತಾನದ ದುಸ್ಮತೊವ್ ಅವರನ್ನೇ ಸೋಲಿಸಿ. ಟೋಕಿಯೋ ಒಲಿಂಪಿಕ್ಸ್‌ಗೆ ಆ ತೂಕವನ್ನೇ ತೆಗೆದುಹಾಕಿದರು. 52ಕ್ಕೆ ಏರಿ 2019ರಲ್ಲಿ ವಿಶ್ವ ಬೆಳ್ಳಿ ತಂದರು, ಆದರೆ ಟೋಕಿಯೋದಲ್ಲಿ ಮೊದಲ ಬೌಟಿಗೇ ಹೊರಬಿದ್ದರು. ತೂಕದ ಪಟ್ಟಿ ಬದಲಾದರೆ ಆಟಗಾರನ ಇಡೀ ದಾರಿ ಬದಲಾಗುತ್ತದೆ. 2025ರಿಂದ ವರ್ಲ್ಡ್ ಬಾಕ್ಸಿಂಗ್ ಅನ್ನುವ ಅಂತರರಾಷ್ಟ್ರೀಯ ಅಮೆಚೂರ್ ಸಂಸ್ಥೆ ಗಂಡಸರಿಗೆ 50, 55, 60 ಅಂತ ಹೊಸ ತೂಕಗಳನ್ನು ತಂದಿದೆ. ಸದ್ಯಕ್ಕೆ ನಿಮ್ಮ ಮಗನಿಗೆ 55 ಸರಿಯಾಗಿ ಹೊಂದುತ್ತದೆ. ಆದರೆ 17ರ ಮೈ ಇನ್ನೂ ಬೆಳೆಯುತ್ತದೆ. ತೂಕ ಇಳಿಸಬೇಕು ಅಂತ ರಾತ್ರಿ ರೊಟ್ಟಿ ಮುಟ್ಟದೆ ಎದ್ದು ಹೋಗುತ್ತಿದ್ದರೆ, ಪ್ಲಾಸ್ಟಿಕ್ ಜಾಕೆಟ್ ಹಾಕಿಕೊಂಡು ಬೆವರು ಸುರಿಸುತ್ತಿದ್ದರೆ, ಕೋಚ್ ಹತ್ತಿರ ಕೂತು ಮಾತಾಡಿ. ಮೇಲಿನ ತೂಕಕ್ಕೆ ಹೋಗುವುದರಲ್ಲಿ ಅವಮಾನ ಇಲ್ಲ.

ಪುಣೆಯಲ್ಲಿರುವುದು ನಿಮ್ಮ ಅದೃಷ್ಟ. 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಫ್ಲೈವೇಟ್ ಆಡಿದ ಮನೋಜ್ ಪಿಂಗಳೆ ಈ ಊರಿನವರು. ಆರ್ಮಿ ಸ್ಪೋರ್ಟ್ಸ್ ಇನ್‌ಸ್ಟಿಟ್ಯೂಟ್ ಇರುವ ಮುಂಢ್ವಾ ನಿಮ್ಮ ಪಕ್ಕದಲ್ಲೇ. ಸೇನೆ, ರೈಲ್ವೆ, ಪೊಲೀಸ್ ಇಲಾಖೆಗಳಲ್ಲಿ ಕ್ರೀಡಾ ಕೋಟಾದ ಕೆಲಸ ಸಿಗುವುದು ರಾಜ್ಯ, ರಾಷ್ಟ್ರ ಮಟ್ಟದ ಅಮೆಚೂರ್ ಪದಕ ನೋಡಿ. ಪ್ರೊದಲ್ಲಿ ನಾಲ್ಕು ರೌಂಡಿನ ಫೈಟ್ ಗೆದ್ದ ಪತ್ರ ಅಲ್ಲಿ ನಡೆಯುವುದಿಲ್ಲ. ಸಂಬಳದ ಮನೆಯವರಿಗೆ ಇದು ಸಣ್ಣ ಮಾತಲ್ಲ.

ಪ್ರೊ ಆದರೆ ಒಲಿಂಪಿಕ್ ಬಾಗಿಲು ಮುಚ್ಚುತ್ತದೆ ಅನ್ನುವುದು ಮಾತ್ರ ಹಳೆಯ ಮಾತು. 2016ರಲ್ಲಿ ರಿಯೋಗೆ ಮುಂಚೆ ಆ ನಿಯಮ ಸಡಿಲವಾಯಿತು. ನಮ್ಮ ವಿಕಾಸ್ ಕೃಷನ್ ಪ್ರೊ ಆಗಿ ಆಡಿದ ಮೇಲೂ ವಾಪಸ್ ಬಂದು ಟೋಕಿಯೋದಲ್ಲಿ ಆಡಿದರು. ಆದ್ದರಿಂದ ಮಗನ ಹತ್ತಿರ "ಬೇಡವೇ ಬೇಡ" ಅನ್ನಬೇಡಿ. ರಾಜ್ಯ ದಾಟಿ ರಾಷ್ಟ್ರ ಮಟ್ಟದಲ್ಲಿ ಆಡಲಿ, ಒಂದು ವರ್ಷ ತೂಕ ಒಂದೇ ಕಡೆ ನಿಲ್ಲಲಿ, ಆರು ರೌಂಡ್ ಸ್ಪಾರಿಂಗ್ (ಅಭ್ಯಾಸದ ಗುದ್ದಾಟ) ಮಾಡಿದ ಮೇಲೂ ಕಾಲು ಓಡಲಿ. ಇಷ್ಟು ಆದಾಗ ಕೋಚ್, ನೀವು, ಅವನು ಮೂವರೂ ಕೂತು ಒಪ್ಪಂದದ ಕಾಗದ ಓದಿ. ಎಷ್ಟು ವರ್ಷಕ್ಕೆ ಸಹಿ, ಎದುರಾಳಿಯನ್ನು ಆರಿಸುವವರು ಯಾರು, ಪೆಟ್ಟಾದರೆ ಆಸ್ಪತ್ರೆ ಖರ್ಚು ಯಾರದ್ದು, ಈ ಮೂರನ್ನೂ ಬರವಣಿಗೆಯಲ್ಲಿ ಕೇಳಿ.