ದುಡ್ಡು ರೆಡಿ ಇದ್ದರೂ ಜಿಟಿ3 ಆರ್‌ಎಸ್ ಯಾಕೆ ಸಿಗುತ್ತಿಲ್ಲ?

ಪ್ರಶ್ನೆ: ನಾನು ಅಮೆರಿಕದಲ್ಲಿದ್ದೇನೆ. ಪೋರ್ಶೆ 911 ಜಿಟಿ3 ಆರ್‌ಎಸ್‌ಗೆ ಪೂರ್ತಿ ಬೆಲೆ ಕೊಡಲು ತಯಾರಿದ್ದೇನೆ. ಒಬ್ಬ ಡೀಲರ್ "ಅಲೊಕೇಶನ್ ಇಲ್ಲ" ಅನ್ನುತ್ತಾರೆ. ಇನ್ನೊಬ್ಬರು ಸ್ಟಿಕರ್ ಬೆಲೆಯ ಮೇಲೆ ದೊಡ್ಡ ಮೊತ್ತ ಕೇಳುತ್ತಾರೆ. ಯಾವ ಕಾರು ಯಾರಿಗೆ ಅಂತ ತೀರ್ಮಾನ ಮಾಡುವವರು ಯಾರು? ಕಂಪನಿಗೇ ನೇರವಾಗಿ ಬರೆದರೆ ಸಿಗುತ್ತದಾ?

ಉತ್ತರ: ಕಂಪನಿಗೆ ಬರೆದರೆ ಸಿಗುವುದಿಲ್ಲ. ಈ ಪ್ರಶ್ನೆ ನಮಗೆ ಮತ್ತೆ ಮತ್ತೆ ಬರುತ್ತದೆ, ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಫ್ರಾಂಚೈಸ್ ಕಾನೂನು ಇದೆ. ಡೀಲರ್‌ಗಳನ್ನು ನೇಮಿಸಿಕೊಂಡ ಕಂಪನಿ ಅವರನ್ನು ಬಿಟ್ಟು ನಿಮಗೆ ನೇರವಾಗಿ ಕಾರು ಮಾರುವಂತಿಲ್ಲ. ಕಂಪನಿ ಡೀಲರ್‌ಗೆ ಮಾರುತ್ತದೆ, ಡೀಲರ್ ನಿಮಗೆ ಮಾರುತ್ತಾರೆ. ಅಲೊಕೇಶನ್ ಅಂದರೆ ಫ್ಯಾಕ್ಟರಿಗೆ ಒಂದು ಕಾರು ಆರ್ಡರ್ ಹಾಕುವ ಹಕ್ಕು. ಆ ಹಕ್ಕು ಇರುವುದು ಡೀಲರ್ ಹೆಸರಲ್ಲಿ, ನಿಮ್ಮ ಹೆಸರಲ್ಲಲ್ಲ. ನೀವು ಅಡ್ವಾನ್ಸ್ ಕೊಟ್ಟು ಹೆಸರು ಬರೆಸಿದ ಪಟ್ಟಿ ಕೂಡ ಡೀಲರ್‌ದೇ. ಫ್ಯಾಕ್ಟರಿಗೆ ಆ ಪಟ್ಟಿಯ ಗೊಡವೆಯೇ ಇಲ್ಲ.

ಹಾಗಾದರೆ ಡೀಲರ್‌ಗೆ ಎಷ್ಟು ಕಾರು ಅಂತ ಹೇಗೆ ತೀರ್ಮಾನ ಆಗುತ್ತದೆ? ಮುಖ್ಯವಾಗಿ ಹಿಂದಿನ ಮಾರಾಟ ನೋಡಿ. ಕಳೆದ ವರ್ಷಗಳಲ್ಲಿ ಎಷ್ಟು ಮಾರಿದರು, ಬಂದ ಕಾರು ಎಷ್ಟು ಬೇಗ ಖಾಲಿಯಾಯಿತು ಅನ್ನುವುದರ ಮೇಲೆ ಮುಂದಿನ ಪಾಲು ನಿಂತಿರುತ್ತದೆ. ಅಲ್ಲಿನ ಡೀಲರ್‌ಗಳು ಇದನ್ನು "ಟರ್ನ್ ಆ್ಯಂಡ್ ಅರ್ನ್" ಅನ್ನುತ್ತಾರೆ. ಪೋರ್ಶೆ 2023ರಲ್ಲಿ ಜಗತ್ತಿನಾದ್ಯಂತ ಸುಮಾರು 3,20,000 ಕಾರು ಕೊಟ್ಟಿತು. ಅದರಲ್ಲಿ 911 ಸುಮಾರು 50,000 ಮಾತ್ರ, ಆ 50,000ದಲ್ಲಿ ಜಿಟಿ ಕಾರುಗಳು, ಅಂದರೆ ನೀವು ಕೇಳುತ್ತಿರುವ ಜಿಟಿ3 ಆರ್‌ಎಸ್‌ನಂಥವು, ಇನ್ನೂ ಚಿಕ್ಕ ಪಾಲು. ಇಂಥದ್ದನ್ನು ಹಂಚುವಾಗ ಮಾಮೂಲಿ 911 ಜಾಸ್ತಿ ಮಾರಿದ ದೊಡ್ಡ ಡೀಲರ್‌ಗೆ ನಾಲ್ಕಾರು ಸಿಗಬಹುದು, ಚಿಕ್ಕ ಊರಿನ ಡೀಲರ್‌ಗೆ ಒಂದು ಸಿಕ್ಕರೆ ಹೆಚ್ಚು. ಕಂಪನಿ ಮನಸ್ಸಿಗೆ ಬಂದವರಿಗೆ ಕೊಡುವಂತೆಯೂ ಇಲ್ಲ. ಹಂಚಿಕೆ ನ್ಯಾಯವಾಗಿರಬೇಕು ಅಂತ ಹಲವು ರಾಜ್ಯಗಳ ಕಾನೂನೇ ಹೇಳುತ್ತದೆ, ತಪ್ಪಿದರೆ ಡೀಲರ್‌ಗಳು ಕೋರ್ಟಿಗೆ ಹೋಗುತ್ತಾರೆ. ಅದಕ್ಕೇ ಕಂಪನಿಗಳು ಸೂತ್ರ ಹಿಡಿದುಕೊಂಡು ಕೂತಿರುತ್ತವೆ.

ಶೆವರ್ಲೆ ಕಾರ್ವೆಟ್ ಝಡ್06 ನೋಡಿದರೆ ಇದು ಇನ್ನೂ ಸ್ಪಷ್ಟ. ಕೆಂಟಕಿಯ ಬೌಲಿಂಗ್ ಗ್ರೀನ್ ಒಂದೇ ಕಡೆ ಅದು ತಯಾರಾಗುವುದು. ನಿಮ್ಮ ಆರ್ಡರ್‌ಗೆ ಒಂದು ಕೋಡ್ ಇರುತ್ತದೆ. 1100 ಅಂದರೆ ಡೀಲರ್ ಕಂಪ್ಯೂಟರ್‌ನಲ್ಲಿ ಬರೆದಿಟ್ಟಿದ್ದಾರೆ, ಅಷ್ಟೇ. 2000 ಅಂದರೆ ಶೆವರ್ಲೆಯ ಮಾತೃಸಂಸ್ಥೆ ಜಿಎಂ ಒಪ್ಪಿಕೊಂಡಿದೆ. 3000 ಬಂದ ಮೇಲೆ ಫ್ಯಾಕ್ಟರಿಯ ಸರದಿಗೆ ಸೇರಿದಂತೆ. ಎಷ್ಟೋ ಜನ 1100ರಲ್ಲಿ ತಿಂಗಳುಗಟ್ಟಲೆ ನಿಂತುಬಿಡುತ್ತಾರೆ, ತಮ್ಮ ಕಾರು ಇನ್ನೇನು ಬಂತು ಅಂದುಕೊಂಡು. ಅಲೊಕೇಶನ್ ಬಂದರೂ ಇನ್ನೊಂದು ಅಡ್ಡಿ ಇದೆ: ಕಾರ್ಬನ್ ಚಕ್ರದಂಥ ಕೆಲವು ಭಾಗಗಳ ಪೂರೈಕೆಯೇ ಕಡಿಮೆ, ಹಾಗಾಗಿ ನೀವು ಆಯ್ದುಕೊಂಡ ಒಂದು ಆಪ್ಷನ್‌ನಿಂದಾಗಿಯೇ ಇಡೀ ಆರ್ಡರ್ ಹಿಂದೆ ಬೀಳಬಹುದು. ಆ ಆಪ್ಷನ್ ತೆಗೆದು ಕೇಳಿ ನೋಡಿ, ಕೆಲವೊಮ್ಮೆ ಅಷ್ಟರಿಂದಲೇ ದಾರಿ ತೆರೆದುಕೊಳ್ಳುತ್ತದೆ.

ಇನ್ನು ಬೆಲೆ. 1958ರ ಕಾನೂನಿನಂತೆ ಪ್ರತಿ ಹೊಸ ಕಾರಿನ ಗಾಜಿಗೆ ಬೆಲೆಯ ಸ್ಟಿಕರ್ ಅಂಟಿಸಲೇಬೇಕು. ಆದರೆ ಅದು ಕಂಪನಿ ಸೂಚಿಸಿದ ಬೆಲೆ. ಡೀಲರ್ ಅದಕ್ಕಿಂತ ಜಾಸ್ತಿ ಕೇಳಿದರೆ ತಪ್ಪೇನಲ್ಲ, ಅಂದರೆ ಕಾನೂನಿನ ಲೆಕ್ಕದಲ್ಲಿ. ನನ್ನ ಲೆಕ್ಕದಲ್ಲಿ ಇದು ಕೆಟ್ಟ ಪದ್ಧತಿ. ಅದಕ್ಕಿಂತಲೂ ಕೆಟ್ಟದ್ದು, "ಮೊದಲು ಈ ಎರಡು ಕಾರು ತಗೊಳ್ಳಿ, ಆಮೇಲೆ ಜಿಟಿ ಬಗ್ಗೆ ಮಾತಾಡೋಣ" ಅನ್ನುವುದು. ಬೇಡದ ಕಾರು ಕೊಂಡು ಕಳೆದುಕೊಳ್ಳುವ ದುಡ್ಡು ಯಾವ ಬಿಲ್ಲಿನಲ್ಲೂ ಕಾಣಿಸುವುದಿಲ್ಲ, ಅಲ್ವಾ? ಮಾರ್ಕಪ್, ಅಂದರೆ ಸ್ಟಿಕರ್ ಮೇಲೆ ಕೇಳುವ ಹೆಚ್ಚಿನ ದುಡ್ಡು, ಆದರೂ ಕಣ್ಣಿಗೆ ಕಾಣುತ್ತದೆ.

ತೀರಾ ಕಡಿಮೆ ಸಂಖ್ಯೆಯ ಕಾರುಗಳಲ್ಲಿ ಕಂಪನಿಯೇ ಕೈ ಹಾಕುತ್ತದೆ. ಫೆರಾರಿ 2024ರಲ್ಲಿ ಕೊಟ್ಟದ್ದು 13,752 ಕಾರು. ಬೇಡಿಕೆಗಿಂತ ಕಡಿಮೆ ಮಾಡುವುದೇ ತನ್ನ ನೀತಿ ಅಂತ ಅದು ಮುಚ್ಚುಮರೆ ಇಲ್ಲದೆ ಹೇಳುತ್ತದೆ. 799 ಮಾತ್ರ ಬರುವ ಎಫ್80ಯಂಥ ಕಾರು ಯಾರಿಗೆ ಅನ್ನುವುದು ಇಟಲಿಯ ಮಾರನೆಲ್ಲೋದಲ್ಲಿರುವ ಕಂಪನಿಯ ಕಚೇರಿಯಲ್ಲೇ ತೀರ್ಮಾನ ಆಗುತ್ತದೆ. ಪೋರ್ಶೆ 2016ರಲ್ಲಿ 991 ಮಾತ್ರ ಮಾಡಿದ 911 ಆರ್ ಅನ್ನು ಮೊದಲು ತನ್ನದೇ ದುಬಾರಿ ಸೂಪರ್‌ಕಾರ್ 918 ಸ್ಪೈಡರ್ ಮಾಲೀಕರ ಮುಂದಿಟ್ಟಿತು. ಕೊಂಡವರಲ್ಲಿ ಕೆಲವರು ಕೂಡಲೇ ಹಲವು ಪಟ್ಟು ಬೆಲೆಗೆ ಮಾರಾಟಕ್ಕಿಟ್ಟರು. ಮರುವರ್ಷ ಅದೇ ಸ್ವಭಾವದ ಜಿಟಿ3 ಟೂರಿಂಗ್ ಬಂತು, 911 ಆರ್ ಬೆಲೆ ಇಳಿಯಿತು. ಓಡಿಸಲು ಕಾರು ಬೇಕಿದ್ದವರಿಗೆ ಅದರಿಂದ ನಿಜವಾಗಿ ಒಳ್ಳೆಯದಾಯಿತು.

ಹೀಗೆ ತಕ್ಷಣ ಮಾರುವವರನ್ನು ತಡೆಯಲು ಕಂಪನಿಗಳು ಏನೇನೋ ಮಾಡಿವೆ. ಫೋರ್ಡ್ ಜಿಟಿಗೆ 2016ರಲ್ಲಿ ಅರ್ಜಿ ಕರೆದರು. ಮೊದಲ 500 ಕಾರಿಗೆ 6,506 ಅರ್ಜಿ ಬಂದವು. ಎರಡು ವರ್ಷ ಮಾರಬಾರದು ಅನ್ನುವ ಷರತ್ತು ಇತ್ತು. ಕುಸ್ತಿಪಟು ಜಾನ್ ಸೀನಾ ಬೇಗ ಮಾರಿದ್ದಕ್ಕೆ ಫೋರ್ಡ್ 2017ರಲ್ಲಿ ಕೇಸ್ ಹಾಕಿತು, ಮುಂದಿನ ವರ್ಷ ರಾಜಿಯಾಯಿತು. ಪೋರ್ಶೆ 911 ಎಸ್/ಟಿಯನ್ನು ಅಮೆರಿಕದಲ್ಲಿ ಮೊದಲ ವರ್ಷ ಲೀಸ್‌ಗೆ ಮಾತ್ರ ಕೊಟ್ಟಿತು. ಕಾರು ಕಂಪನಿಯದೇ ಆಗಿರುವ ತನಕ ಮಾರುವ ಮಾತೇ ಇಲ್ಲವಲ್ಲ, ಇದು ನನಗೆ ಸರಿಯಾದ ದಾರಿ ಅನಿಸುತ್ತದೆ.

ಭಾರತದ ಓದುಗರಿಗೆ ಇನ್ನೊಂದು ಗೋಡೆ ಇದೆ. ಹೊಸ ಕಾರು ಆಮದು ಮಾಡಬೇಕಾದರೆ ಸ್ಟೀರಿಂಗ್ ಬಲಕ್ಕಿರಬೇಕು. 918 ಸ್ಪೈಡರ್, ಲಾಫೆರಾರಿ ಎಡ ಸ್ಟೀರಿಂಗ್‌ನಲ್ಲೇ ತಯಾರಾದವು, ಹಾಗಾಗಿ ಬೆಂಗಳೂರಿನಲ್ಲಿ ಎಷ್ಟೇ ದುಡ್ಡು ಇಟ್ಟುಕೊಂಡು ಕೂತರೂ ಅವು ಷೋರೂಮಿಗೆ ಬರುವಂತಿರಲಿಲ್ಲ.

ನೀವು ಈಗ ಮಾಡಬೇಕಾದ್ದು ಇಷ್ಟು. ಡೀಲರ್‌ಗೆ "ಯಾವಾಗ ಸಿಗುತ್ತದೆ" ಅಂತ ಕೇಳಬೇಡಿ. ಕಳೆದ ವರ್ಷ ನಿಮಗೆ ಎಷ್ಟು ಜಿಟಿ ಅಲೊಕೇಶನ್ ಬಂತು, ಪಟ್ಟಿಯಲ್ಲಿ ನನ್ನ ಮುಂದೆ ಎಷ್ಟು ಜನ, ಹಳೆ ಗಿರಾಕಿ ಬಂದರೆ ನನ್ನನ್ನು ಹಿಂದೆ ತಳ್ಳುತ್ತೀರಾ ಅಂತ ಕೇಳಿ. ವರ್ಷಕ್ಕೆ ಎರಡು ಕಾರು ಬರುವ ಕಡೆ ಹದಿನೈದನೆಯವರಾಗಿ ನಿಲ್ಲುವುದು ಸುಮ್ನೆ ದಂಡ. ಸ್ಟಿಕರ್ ಬೆಲೆಗೇ ಕೊಡುತ್ತೇವೆ, ಅಡ್ವಾನ್ಸ್ ವಾಪಸ್ ಕೊಡುತ್ತೇವೆ ಅನ್ನುವುದನ್ನು ಬರಹದಲ್ಲಿ ತೆಗೆದುಕೊಳ್ಳಿ. ಬಾಯಿಮಾತು ಬೇಡ. ಪಕ್ಕದ ರಾಜ್ಯದ ಡೀಲರ್‌ಗಳಿಗೂ ಫೋನ್ ಮಾಡಿ, ಅಲ್ಲಿ ಕೊಂಡರೂ ತೆರಿಗೆ ಸಾಮಾನ್ಯವಾಗಿ ನೀವು ನೋಂದಣಿ ಮಾಡಿಸುವ ರಾಜ್ಯದ ಲೆಕ್ಕದಲ್ಲೇ ಬರುತ್ತದೆ.