ಹೋಗುವಾಗ ಒಣಗಿದ ಬ್ಯಾಗು, ಬರುವಾಗ ಒದ್ದೆ ಬ್ಯಾಗು

ಆರಿದ್ರಾ ಮಳೆ ಹಿಡಿಯಿತು ಅಂದರೆ ನನ್ನ ಅಂಗಡಿಯ ವಾಸನೆಯೇ ಬದಲಾಗುತ್ತದೆ. ಬೇಸಿಗೆಯಲ್ಲಿ ಬರುವುದು ಮದುವೆ ಮನೆ ಸುತ್ತಿ ಚಕ್ರ ಮುರಿದುಕೊಂಡ ಸೂಟ್‌ಕೇಸುಗಳು. ಮಳೆಗಾಲದಲ್ಲಿ ಜಿಮ್ ಬ್ಯಾಗು. ಚೈನ್ ಎಳೆದರೆ ಸಾಕು, ಹಳೇ ಸಾಕ್ಸು, ಬೂಷ್ಟು ಎರಡೂ ಸೇರಿದ ಗಾಳಿ ಮುಖಕ್ಕೆ ಹೊಡೆಯುತ್ತದೆ.

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಬ್ಯಾಗ್ ಹೊಲಿಯುವ, ರಿಪೇರಿ ಮಾಡುವ ಕೆಲಸ ನನ್ನದು. 20 ವರ್ಷ ದಾಟಿತು. ಮೊದಲು ಶಾಲೆ ಬ್ಯಾಗೇ ಜಾಸ್ತಿ ಇತ್ತು. ಈಗ ಬೆಳಗಿನ ಐದೂವರೆಗೆ ಜಿಮ್‌ಗೆ ಹೋಗಿ, ಅಲ್ಲೇ ಸ್ನಾನ ಮುಗಿಸಿ, ಸೀದಾ ಬ್ಯಾಂಕಿಗೋ ಕೋರ್ಟಿಗೋ ಕಾಲೇಜಿಗೋ ಹೋಗುವವರು ಬರುತ್ತಾರೆ. ಎಲ್ಲರದ್ದೂ ಒಂದೇ ಪ್ರಶ್ನೆ. "ಇಸ್ತ್ರಿ ಶರ್ಟು ಹಾಕ್ಕೊಂಡು ಹಿಡ್ಕೊಂಡ್ರೆ ಕಬಡ್ಡಿ ಮ್ಯಾಚಿಂದ ಬಂದೋನ ಥರ ಕಾಣಬಾರ್ದು. ಅಂಥದ್ದು ಯಾವ ಬ್ಯಾಗ್ ಮಾರಾಯ್ರೆ?"

ಕಾಣುವುದು ಆಮೇಲೆ, ಒದ್ದೆ ಬಟ್ಟೆ ಎಲ್ಲಿಡ್ತೀರಿ ಹೇಳಿ ಅಂತ ನಾನು ಕೇಳುತ್ತೇನೆ. ಮಾತು ಹಾರಿಸುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಹಾಗಲ್ಲ.

ವಾಸನೆ ಬರುವ ಬ್ಯಾಗ್ ಕೈಗೆ ಸಿಕ್ಕರೆ ನಾನು ಮೊದಲು ಮಾಡುವುದು ತಳದ ರಟ್ಟು ಹೊರಗೆಳೆಯುವುದು. ಕಡಿಮೆ ಬೆಲೆಯ ಎಷ್ಟೋ ಬ್ಯಾಗುಗಳಲ್ಲಿ ತಳಕ್ಕೆ ಇರುವುದು ಬರೀ ರಟ್ಟು, ಮೇಲೊಂದು ತೆಳು ಬಟ್ಟೆ. ಬೆವರಿನ ಬನಿಯನ್ನು, ನೀರಿನ ಬಾಟಲಿಯ ತೊಟ್ಟು, ಸ್ಕೂಟರಿನ ಕಾಲಡಿಯಿಂದ ಹಾರಿದ ನೀರು, ಎಲ್ಲವನ್ನೂ ಅದು ಕುಡಿಯುತ್ತದೆ. ಮಳೆಗಾಲದಲ್ಲಿ ಒಣಗುವುದಿಲ್ಲ. ಜುಲೈ ಹೊತ್ತಿಗೆ ನೆನೆದ ಹಪ್ಪಳದ ಹಾಗೆ ಆಗಿರುತ್ತದೆ. ತಳ ಜೋತುಬಿದ್ದ ಮೇಲೆ ಬ್ಯಾಗ್ ನೆಲದ ಮೇಲೆ ನಿಲ್ಲುವುದೂ ಇಲ್ಲ, ಮಲಗಿಬಿಡುತ್ತದೆ. ಆಫೀಸಿನ ಟೇಬಲ್ ಪಕ್ಕ ಮಲಗಿದ ಬ್ಯಾಗ್ ಎಷ್ಟೇ ದುಬಾರಿಯಾದರೂ ಮೂಟೆಯೇ. ಅದನ್ನೇ ಕಿತ್ತು ಪ್ಲಾಸ್ಟಿಕ್ ಶೀಟ್ ಹಾಕಿದರೆ ವಾಸನೆಯೂ ಅರ್ಧ ಹೋಗುತ್ತದೆ, ಬ್ಯಾಗೂ ನೆಟ್ಟಗೆ ನಿಲ್ಲುತ್ತದೆ. ಒದ್ದೆಗೆ ಯಾವುದು ಸರಿಯೋ ಇಸ್ತ್ರಿ ಬಟ್ಟೆಗೂ ಅದೇ ಸರಿ. ನಾನು ಮೊದಲು ಒದ್ದೆ ವಿಚಾರ ಕೇಳುವುದು ಇದಕ್ಕೇ.

ಅಂಗಡಿಯಲ್ಲಿ ಕೊಳ್ಳುವಾಗ ಕೈ ಒಳಗೆ ಹಾಕಿ ತಳ ಒತ್ತಿ ನೋಡಿ. ಬಗ್ಗಿಸಿದರೆ ಗೆರೆ ಬಿದ್ದು ಹಾಗೇ ಉಳಿದರೆ ರಟ್ಟು. ಬಗ್ಗಿ ವಾಪಸ್ ಬಂದರೆ ಪ್ಲಾಸ್ಟಿಕ್. ಹೊರಗಡೆ ತಳಕ್ಕೆ ನಾಲ್ಕು ಗುಂಡಿ ಪಾದ ಇದ್ದರೆ ಇನ್ನೂ ಒಳ್ಳೇದು. ಮಳೆಗಾಲದಲ್ಲಿ ಕೋರ್ಟಿನ ಮೊಗಸಾಲೆ, ಬ್ಯಾಂಕಿನ ಬಾಗಿಲು, ಎಲ್ಲ ಕಡೆ ಛತ್ರಿ ನೀರು ಹರಿದಿರುತ್ತದೆ ಅಲ್ವಾ.

ಇನ್ನು ಲೆದರ್. ಕೋಟು, ಟೈ ಹಾಕುವವರಿಗೆ ಅದರ ಮೇಲೇ ಕಣ್ಣು. ನಿಜವಾದ ಚರ್ಮ ಚಂದವೇ, ನಾನು ಬೇಡ ಅನ್ನುವುದಿಲ್ಲ. ಆದರೆ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ತೀರ್ಥಹಳ್ಳಿ, ಹೊಸನಗರದ ಕಡೆ ಗೋಡೆಗೆ ನೇತುಹಾಕಿದ ಬೆಲ್ಟಿಗೂ ಬಿಳಿ ಬೂಷ್ಟು ಬರುತ್ತದೆ. ಅಂಥ ಕಡೆ ಚರ್ಮದೊಳಗೆ ಬೆವರು ಬಟ್ಟೆ ತುಂಬುವುದು ಬೂಷ್ಟನ್ನು ಕರೆದು ಕೂರಿಸಿದ ಹಾಗೆ. ಪೇಟೆಯಲ್ಲಿ ಮಳೆ ಅಷ್ಟಿಲ್ಲ, ಆದರೂ ಬೂಷ್ಟಿಗೆ ಸಾಕಾಗುವಷ್ಟು ಇದೆ.

ಚರ್ಮದ ಥರ ಕಾಣುವ ಪಿಯು ರೆಕ್ಸಿನ್ ಇನ್ನೊಂದು ತಲೆನೋವು. "ಒಂದು ದಿನಾನೂ ಬಳಸಿಲ್ಲ ಅಣ್ಣಾ, ಬೀರುವಿನಲ್ಲೇ ಇತ್ತು, ಸಿಪ್ಪೆ ಎದ್ದಿದೆ ನೋಡಿ" ಅಂತ ತರುತ್ತಾರೆ. ಸುಳ್ಳಲ್ಲ. ಪಿಯು ಅಂದರೆ ಪಾಲಿಯುರಥೇನ್. ಗಾಳಿಯಲ್ಲಿರುವ ತೇವ ನಿಧಾನಕ್ಕೆ ಅದರ ಬೆಸುಗೆಯನ್ನೇ ಬಿಡಿಸುತ್ತದೆ. ಬಳಸಿದರೂ ಅಷ್ಟೇ, ಸುಮ್ನೆ ಇಟ್ಟರೂ ಅಷ್ಟೇ. ಒಮ್ಮೆ ಸಿಪ್ಪೆ ಏಳಲು ಶುರುವಾದರೆ ನನ್ನ ಹತ್ತಿರ ಮದ್ದಿಲ್ಲ. ಆ ಕಪ್ಪು ಚೂರುಗಳು ಬಿಳಿ ಶರ್ಟಿಗೆ ಅಂಟುವುದು ಬೇರೆ.

ಹಾಗಾಗಿ ನನ್ನ ಓಟು ಬಟ್ಟೆ ಬ್ಯಾಗಿಗೆ, ಅಂದರೆ ನೈಲಾನ್ ಇಲ್ಲವೇ ಪಾಲಿಯೆಸ್ಟರಿಗೆ. ಲೇಬಲ್ಲಿನಲ್ಲಿ 600ಡಿ, 1680ಡಿ ಅಂತ ಬರೆದಿರುತ್ತಾರೆ. ಡಿ ಅಂದರೆ ಡೆನಿಯರ್. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದೇ ಅದರ ಡೆನಿಯರ್. ಅಂಕಿ ದೊಡ್ಡದಾದರೆ ನೂಲು ದಪ್ಪ. 600 ಸಾಮಾನ್ಯ ಶಾಲೆ ಬ್ಯಾಗಿಗೂ ಬರುತ್ತದೆ. 1680 ಚಾಪೆ ಹೆಣೆದ ಹಾಗೆ ಒತ್ತಾಗಿ ಕಾಣುತ್ತದೆ, ಮುದುಡುವುದಿಲ್ಲ, ಪ್ಯಾಂಟು ಶರ್ಟಿನ ಪಕ್ಕಕ್ಕೆ ಗಂಭೀರವಾಗಿರುತ್ತದೆ. ಆದರೆ ಈ ಅಂಕಿ ಹೇಳುವುದು ನೂಲಿನ ದಪ್ಪ ಮಾತ್ರ. ನೀರು ತಡೆಯುವುದು ಒಳಮೈಯ ಲೇಪ. ಬಟ್ಟೆಗೆ ಬಾಯಿಟ್ಟು ಊದಿ ನೋಡಿ, ಗಾಳಿ ಆಚೆ ಹೋದರೆ ನೀರೂ ಹೋಗುತ್ತದೆ. ಅಂಗಡಿಯವರು ಒಂಥರಾ ನೋಡಬಹುದು, ನೋಡಲಿ ಬಿಡಿ.

'ವಾಟರ್‌ಪ್ರೂಫ್' ಅಂತ ಬರೆದಿದ್ದಕ್ಕೆ ಮರುಳಾಗಬೇಡಿ. ಹೊಲಿಗೆ ಹಾಕುವವನು ನಾನು, ಪ್ರತಿ ಹೊಲಿಗೆಯೂ ಒಂದು ತೂತು. ಒಳಗಿನಿಂದ ಹೊಲಿಗೆಯ ಮೇಲೆ ಟೇಪ್ ಅಂಟಿಸಿಲ್ಲದಿದ್ದರೆ ಪುನರ್ವಸು ಮಳೆಯಲ್ಲಿ ಅರ್ಧ ಗಂಟೆ ಸ್ಕೂಟರ್ ಓಡಿಸಿದರೆ ಒಳಗೆ ತೇವ ಬಂದೇ ಬರುತ್ತದೆ. ಮೇಲ್ಭಾಗದಲ್ಲಿ ಹೊಲಿಗೆ ಕಡಿಮೆ ಇರುವ, ಚೈನ್ ಮೇಲೆ ಬಟ್ಟೆಯ ಮುಚ್ಚಳ ಇರುವ ಬ್ಯಾಗ್ ತಗೊಳ್ಳಿ. ಮೇಲಿಂದ ಒಂದು ರೇನ್ ಕವರ್ ಇರಲಿ.

ಈಗ ನಾನು ಜಗಳ ಆಡುವ ವಿಷಯಕ್ಕೆ ಬರುತ್ತೇನೆ. ಶೂಗೆ ಅಂತಲೇ ಪಕ್ಕದಲ್ಲಿ ಬಲೆ ಇರುವ, ಇಲ್ಲವೇ ಸಾಲಾಗಿ ತೂತು ಇರುವ ಜೇಬು. ಗಾಳಿ ಆಡುತ್ತದೆ ಅಂತ ಹೆಚ್ಚು ಕೊಟ್ಟು ತರುತ್ತಾರೆ. ಒಣ ಹವೆಯ ಊರಿಗೆ ಅದು ಸರಿ. ನಮ್ಮಲ್ಲಿ ಜುಲೈನಲ್ಲಿ ಗಾಳಿಯೇ ಒದ್ದೆ, ಅದು ಶೂವನ್ನು ಹೇಗೆ ಒಣಗಿಸೀತು? ಆ ತೂತಿನಿಂದ ವಾಸನೆ ಆಫೀಸಿಗೆ ಬರುತ್ತದೆ, ರಸ್ತೆ ನೀರು ಬ್ಯಾಗಿಗೆ ಹೋಗುತ್ತದೆ. ನಮ್ಮ ಗಿರಾಕಿಯೊಬ್ಬರು ಜಿಮ್ ಟ್ರೈನರ್, ಇದನ್ನು ಒಪ್ಪುವುದೇ ಇಲ್ಲ. ಮಾರ್ಚಿಂದ ಮೇ ತನಕ ನೀವು ಹೇಳಿದ್ದು ಸರಿ ಅಂತ ನಾನು ಅಷ್ಟು ಬಿಟ್ಟುಕೊಟ್ಟಿದ್ದೇನೆ.

ಅದರ ಬದಲು ಬೇರೆಯೇ ಒಂದು ಚೀಲ ಇಟ್ಟುಕೊಳ್ಳಿ. ಲೇಪ ಇರುವ ತೆಳು ಬಟ್ಟೆಯದು, ಬಾಯಿ ಮೂರು ಸುತ್ತು ಮಡಿಸಿ ಕ್ಲಿಪ್ ಹಾಕುವಂಥದ್ದು. ಬೆವರು ಬಟ್ಟೆ ಅದರೊಳಗೆ. ಹೊಸ ಬೆವರಿಗೆ ವಾಸನೆ ಇಲ್ಲವೇ ಇಲ್ಲ ಅನ್ನಬಹುದು. ಮೈಮೇಲೆ, ಬಟ್ಟೆಯಲ್ಲಿ ಇರುವ ಬ್ಯಾಕ್ಟೀರಿಯಾ ಅದನ್ನು ಒಡೆದಾಗ ವಾಸನೆ ಹುಟ್ಟುತ್ತದೆ. ಅದಕ್ಕೆ ಬೇಕಾದದ್ದು ತೇವ ಮತ್ತು ಬಿಸುಪು. ಎಂಟು ಗಂಟೆ ಟೇಬಲ್ ಕೆಳಗೆ ಮುಚ್ಚಿಟ್ಟ ಬ್ಯಾಗಿನಲ್ಲಿ ಎರಡೂ ಧಾರಾಳ. ಪಾಲಿಯೆಸ್ಟರ್ ಟೀ ಶರ್ಟು ಬೇಗ ಒಣಗುತ್ತದೆ ನಿಜ, ಆದರೆ ವಾಸನೆ ಹಿಡಿದಿಡುವುದರಲ್ಲಿ ಹತ್ತಿಗಿಂತ ಮುಂದೆ. ಬೇರೆ ಚೀಲ ಆದರೆ ಮನೆಗೆ ಬಂದು ಬಕೆಟ್ಟಿಗೆ ಕವುಚಿ, ಚೀಲವನ್ನೂ ತಿರುವಿ ತೊಳೆಯಬಹುದು. ಹೊಲಿದ ಜೇಬನ್ನು ತೊಳೆಯುವುದಾದರೆ ಇಡೀ ಬ್ಯಾಗ್ ನೆನೆಸಬೇಕು. ಟರ್ಕಿ ಟವೆಲ್ಲೂ ಬೇಡ, ತೆಳು ಬೈರಾಸು ಸಾಕು.

ಚೈನಿನ ವಿಷಯದಲ್ಲಿ ಒಂದು ಗುಟ್ಟು. ರನ್ನರಿನ ಬೆನ್ನಿನ ಮೇಲೆ 5, 8, 10 ಅಂತ ಅಂಕಿ ಇರುತ್ತದೆ. ಮುಚ್ಚಿದ ಹಲ್ಲಿನ ಅಗಲ ಹೆಚ್ಚುಕಡಿಮೆ ಅಷ್ಟು ಮಿಲಿಮೀಟರ್. ದೊಡ್ಡ ಬಾಯಿಗೆ 8 ಇಲ್ಲವೇ 10 ಇರಬೇಕು, 5 ಜೇಬಿಗೆ ಸಾಕು. ಲೋಹದ ಚೈನ್ ಶೋಕಿ ಕಾಣುತ್ತದೆ, ಆದರೆ ಬೆವರಿನ ಉಪ್ಪು, ಮಳೆ ತೇವಕ್ಕೆ ಕಿಲುಬು ಕಟ್ಟುತ್ತದೆ. ನೈಲಾನ್ ಸುರುಳಿಯದ್ದೇ ವಾಸಿ. ಎಳೆದ ಮೇಲೂ ಹಿಂದಿನಿಂದ ಬಾಯಿ ಬಿಡುತ್ತಿದ್ದರೆ ಬಹುತೇಕ ಸಲ ತಪ್ಪು ಹಲ್ಲಿನದ್ದಲ್ಲ, ಸವೆದು ಸಡಿಲವಾದ ರನ್ನರಿನದ್ದು. ಅದನ್ನು ಬದಲಿಸಲು ಹತ್ತು ನಿಮಿಷ. ಇಷ್ಟಕ್ಕೇ ಬ್ಯಾಗ್ ಬಿಸಾಡಿದವರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಬಿಗಿಯಾದರೆ ಮೇಣದಬತ್ತಿ ಉಜ್ಜಿ. ಕೊಬ್ಬರಿ ಎಣ್ಣೆ ಹಾಕಬೇಡಿ, ಧೂಳು ಹಿಡಿದು ಕೊನೆಗೆ ಶರ್ಟಿಗೆ ಮೆತ್ತುತ್ತದೆ.

ಬಟ್ಟೆಗೆ ಬ್ಯಾಗಿನಿಂದ ಆಗುವ ಹಾನಿ ಯಾರೂ ಕೊಳ್ಳುವಾಗ ಯೋಚಿಸುವುದಿಲ್ಲ. ವಕೀಲರ ಬಿಳಿ ಶರ್ಟಿನ ಹೆಗಲ ಮೇಲೆ ಕಪ್ಪು ಪಟ್ಟಿ ಮಳೆಯಲ್ಲಿ ನೆನೆದು ಬಣ್ಣ ಬಿಟ್ಟಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಕೋಟಿನೊಳಗೆ ಮುಚ್ಚಿಹೋಗುತ್ತದೆ, ಬೇಸಿಗೆಯಲ್ಲಿ ಕೆಳ ಕೋರ್ಟಿನಲ್ಲಿ ಕೋಟಿಗೆ ವಿನಾಯಿತಿ ಸಿಕ್ಕಾಗ ಬಯಲಾಗುತ್ತದೆ. ಅಂಗಡಿಯಲ್ಲೇ ಬಿಳಿ ಕರವಸ್ತ್ರ ಒದ್ದೆ ಮಾಡಿ ಪಟ್ಟಿಗೆ ಗಟ್ಟಿಯಾಗಿ ಉಜ್ಜಿ ನೋಡಿ.

ಸೀರೆ ಉಡುವವರಿಗೆ ಬೆನ್ನಿನ ಬ್ಯಾಗ್ ಬೇಡ. ಪಟ್ಟಿ ಸೆರಗನ್ನು ಎಳೆಯುತ್ತದೆ, ಪಿನ್ನು ಬಟ್ಟೆ ಹರಿಯುತ್ತದೆ. ಸಾಗರದಿಂದ ಬಸ್ಸಿನಲ್ಲಿ ಬರುವ ಬ್ಯಾಂಕಿನ ಅಕ್ಕ ಒಬ್ಬರು ಹೊಸ ಬ್ಯಾಗ್ ತಂದು, "ಇದರ ವೆಲ್ಕ್ರೋ ಎಲ್ಲ ಕಿತ್ತು ಚೈನ್ ಹಾಕಿ ಕೊಡಿ" ಅಂದರು. ಒಳ್ಳೇ ಕೈಮಗ್ಗದ ಸೀರೆಯ ಎಳೆ ಎಳೆದುಹೋಗಿತ್ತು ಪಾಪ. ವೆಲ್ಕ್ರೋ ನಮ್ಮ ಉತ್ತರಾಣಿ ಮುಳ್ಳಿನ ಹಾಗೆ, ಕಂಡ ಬಟ್ಟೆಗೆಲ್ಲ ಹಿಡಿಯುತ್ತದೆ. ಅವರಿಗೆ ಕೈಯಲ್ಲಿ ಹಿಡಿಯುವ, ಹಿಡಿಕೆಯ ಕಮಾನು 25 ಸೆಂಟಿಮೀಟರ್ ಆಸುಪಾಸು ಇರುವ ಬ್ಯಾಗ್ ಸರಿ. ಬೇಕಾದರೆ ತೋಳು ತೂರಿಸಿ ಹೆಗಲಿಗೂ ಹಾಕಬಹುದು.

ಅಳತೆಯಲ್ಲಿ ಎಲ್ಲರೂ ದೊಡ್ಡದಕ್ಕೇ ಹೋಗುತ್ತಾರೆ. 50 ಲೀಟರ್ ಬ್ಯಾಗ್ ಹಿಡಿದು ಆಫೀಸಿಗೆ ಹೋದರೆ ಸಂಸಾರ ಸಮೇತ ಧರ್ಮಸ್ಥಳಕ್ಕೆ ಹೊರಟ ಹಾಗೆ ಕಾಣುತ್ತದೆ. 45 ಸೆಂಟಿಮೀಟರ್ ಉದ್ದ, 25 ಅಗಲ, 25 ಎತ್ತರ ಅಂದರೆ 28 ಲೀಟರ್. ಶೂ, ಬೈರಾಸು, ಒಂದು ಜೊತೆ ಬಟ್ಟೆ, ಟಿಫಿನ್ ಡಬ್ಬಿ ಇಷ್ಟರಲ್ಲಿ ಹಿಡಿಯುತ್ತದೆ, ಸ್ಕೂಟರಿನ ಕಾಲಡಿಗೂ ಕೂರುತ್ತದೆ. ಲ್ಯಾಪ್‌ಟಾಪ್ ಇದ್ದರೆ ಅದಕ್ಕೆ ಬೇರೆ ಬ್ಯಾಗೇ ಇರಲಿ. ನೀರಿನ ಬಾಟಲಿಯನ್ನೂ ಅದನ್ನೂ ಒಟ್ಟಿಗೆ ಇಡುವ ಧೈರ್ಯ ನನಗಿಲ್ಲ.

ಬಣ್ಣ ಕಪ್ಪು, ಕಡು ನೀಲಿ, ಬೂದಿ. ಹೊಳಪು ಬೇಡ, ಮೊಳದುದ್ದದ ಅಕ್ಷರ ಬೇಡ, ಜೋಲಾಡುವ ದಾರ ಬೇಡ. ಇದಕ್ಕಿಂತ ಜಾಸ್ತಿ ಹೇಳುವುದಕ್ಕೆ ಏನೂ ಇಲ್ಲ.

ಮನೆಗೆ ಬಂದ ಮೇಲೆ ಚೈನ್ ತೆಗೆದು ತಲೆಕೆಳಗಾಗಿ ನೇತುಹಾಕಿ. ಶೂ ಒಳಗೆ ಹಳೇ ಪೇಪರ್ ತುರುಕಿ. ಬಚ್ಚಲ ಒಲೆಯ ಮೇಲೆ ಬಟ್ಟೆ ಒಣಗಿಸುವ ಅಭ್ಯಾಸ ನಮ್ಮ ಕಡೆ ಇದೆಯಲ್ಲ, ಅಲ್ಲಿಗೆ ಮಾತ್ರ ಬ್ಯಾಗ್ ಒಯ್ಯಬೇಡಿ. ಶಾಖಕ್ಕೆ ಒಳಗಿನ ಲೇಪ ಏಳುತ್ತದೆ, ಹೊಗೆ ವಾಸನೆ ಬೇರೆ.

ರಿಪೇರಿಗೆ ತರುವಾಗ ಖಾಲಿ ಮಾಡಿ ತನ್ನಿ, ದಯವಿಟ್ಟು. ಹೋದ ವರ್ಷ ಪುಷ್ಯ ಮಳೆಯಲ್ಲಿ ಒಬ್ಬರು ಬ್ಯಾಗ್ ಬಿಟ್ಟುಹೋದರು. ರಟ್ಟು ತೆಗೆದೆ, ಒಳಗೆಲ್ಲ ಒರೆಸಿದೆ, ಆದರೂ ವಾಸನೆ ಹೋಗಲಿಲ್ಲ. ನಾಲ್ಕನೇ ದಿನ ಪಕ್ಕದ ಜೇಬಿನಲ್ಲಿ ಅರ್ಧ ಬಾಳೆಹಣ್ಣು ಸಿಕ್ಕಿತು.