ಗುಂಡಿನ ಮೇಲೊಬ್ಬ ಪೈಲ್ವಾನ

ಕೊಪ್ಪಳದ ಪಾಲ್ಕಿಗುಂಡಿಗೆ ಹೋಗಿದ್ದು ಅಶೋಕನ ಶಾಸನ ನೋಡೋಕೆ. ಜೂನ್ ತಿಂಗಳು. ಮಳೆ ಒಂದು ಸಲ ಬಂದು ನಾಪತ್ತೆಯಾಗಿತ್ತು. ಬೆಳಿಗ್ಗೆ ಹತ್ತಕ್ಕೇ ಬಂಡೆ ರೊಟ್ಟಿ ಹಂಚಿನಂತೆ ಕಾದಿತ್ತು. ಅರ್ಧ ಗುಡ್ಡ ಹತ್ತುವಷ್ಟರಲ್ಲಿ ಏದುಸಿರು, ಬಾಟಲಿ ಖಾಲಿ. ಯಾಕಾದ್ರೂ ಬಂದೆನೋ ಅಂತ ಗೊಣಗುತ್ತಾ ಕೂತೆ. ಎದುರಿನ ಗುಂಡಿನ ನೆತ್ತಿಯಲ್ಲಿ ಯಾರೋ ದಂಡ ಹೊಡೆಯುತ್ತಿದ್ದರು.

ಓತಿಕ್ಯಾತ! ಮುಂಗಾಲು ಊರಿ ಎದೆ ಎತ್ತುವುದು, ಇಳಿಸುವುದು, ಮತ್ತೆ ಎತ್ತುವುದು. ಥೇಟ್ ಗರಡಿಮನೆಯ ಪೈಲ್ವಾನ. ನಡುನಡುವೆ ನಿಲ್ಲಿಸಿ ಯಾರಾದರೂ ನೋಡಿದರಾ ಅಂತ ಅತ್ತಿತ್ತ ಕತ್ತು ತಿರುಗಿಸುವ ಗತ್ತು ಬೇರೆ. ಬೆನ್ನು ಒಣಮೆಣಸಿನಕಾಯಿ ಕೆಂಪು, ಪಕ್ಕೆ ಮಸಿ ಕಪ್ಪು. ಒಬ್ಬನೇ ಕೂತು ಜೋರಾಗಿ ನಕ್ಕುಬಿಟ್ಟೆ.

ಬೇಲಿ ಮೇಲೆ ಕಾಣುವ ಓತಿಕ್ಯಾತವಲ್ಲ ಇದು. ಕಲ್ಲುಗುಡ್ಡಗಳಲ್ಲೇ ಬದುಕುವ ಅದರ ದಾಯಾದಿ. ವಿಜ್ಞಾನದ ಹೆಸರು ಸಾಮೋಫೈಲಸ್ ಡಾರ್ಸಾಲಿಸ್. ದಂಡ ಹೊಡೆಯುವುದು ಮೈ ಬೆಳೆಸೋಕಲ್ಲ. 'ಈ ಗುಂಡು ನಂದು, ಹತ್ತಿರ ಬಂದೀಯ' ಅಂತ ಬೇರೆ ಗಂಡಿಗೆ, 'ನಾನಿಲ್ಲಿದ್ದೀನಿ ನೋಡು' ಅಂತ ಹೆಣ್ಣಿಗೆ ಹೇಳುವ ರೀತಿ ಅದು. ಓತಿಗಳ ಕಣ್ಣಿಗೆ ಅಲುಗಾಡುವ ವಸ್ತು ಬೇಗ ಬೀಳುತ್ತದೆ. ಎತ್ತರದ ಕಲ್ಲು, ಅದರ ಮೇಲೆ ಕುಣಿಯುವ ಮೈ. ಇದಕ್ಕಿಂತ ದೊಡ್ಡ ಬ್ಯಾನರ್ ಬೇಕಾ?

ಬಣ್ಣದ ಕಥೆ ಇನ್ನೂ ಮಜಾ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇದೇ ಜಾತಿಯ ಗಂಡುಗಳನ್ನು ಕೂತು ಗಮನಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಎದುರಿಗೆ ಹೆಣ್ಣು ಬಂದರೆ ಬೆನ್ನು ಕೆಂಪು, ಪಕ್ಕೆ ಕಪ್ಪು. ಇನ್ನೊಂದು ಗಂಡು ಬಂದರೆ ಬೆನ್ನು ಹಳದಿ, ಪಕ್ಕೆ ಕಿತ್ತಳೆ. ಜಗಳದ ಬಣ್ಣ ಬೇಗ ಏರುತ್ತದೆ. ಪ್ರೀತಿಯ ಬಣ್ಣ ಅದಕ್ಕಿಂತ ನಿಧಾನ, ಆದರೆ ಜಾಸ್ತಿ ಎದ್ದು ಕಾಣುತ್ತದೆ. ಚರ್ಮದ ಕೋಶಗಳಲ್ಲಿ ಕಪ್ಪು ಕಣಗಳು ಹರಡಿಕೊಂಡರೆ ಮೈ ಕಪ್ಪಾಗುತ್ತದೆ, ಒಂದೆಡೆ ಮುದುಡಿದರೆ ತಿಳಿಯಾಗುತ್ತದೆ.

ನಮ್ಮ ಪೈಲ್ವಾನ ಕೆಂಪು-ಕಪ್ಪು ತಾನೇ? ಹಾಗಾದರೆ ಹೆಣ್ಣು ಅಲ್ಲೇ ಎಲ್ಲೋ ಇರಬೇಕು. ಹುಡುಕಿದೆ. ಎರಡು ಮಾರು ಕೆಳಗೆ, ಕಲ್ಲಿನದೇ ಬಣ್ಣದಲ್ಲಿ ಕಲ್ಲಾಗಿ ಕೂತಿತ್ತು. ಒಂದೊಂದೇ ಇರುವೆ ನುಂಗುತ್ತಿತ್ತು. ಮೇಲೆ ನಡೆಯುತ್ತಿದ್ದ ಅಷ್ಟು ದೊಡ್ಡ ಕಸರತ್ತಿನ ಕಡೆ ತಿರುಗಿಯೂ ನೋಡಲಿಲ್ಲ. ಪಾಪ.

ಮಾತು ತಪ್ಪಿದವರನ್ನು ಓತಿಕ್ಯಾತ ಅಂತ ಬೈಯುತ್ತೇವಲ್ಲ, ಅದು ಅನ್ಯಾಯ ಅನ್ನಿಸಿತು. ಇದು ಮನಸ್ಸಲ್ಲಿದ್ದದ್ದನ್ನು ಮೈಮೇಲೆ ಬರೆದುಕೊಂಡು ಗುಡ್ಡದ ತುದಿಯಲ್ಲಿ ನಿಲ್ಲುವ ಪ್ರಾಣಿ. 'ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ' ಎಂದು ಗಾದೆ ಬೇರೆ. ಇಲ್ಲಿ ಸಾಕ್ಷಿಗೆ ಇರುವುದು ಸುಮಾರು 250 ಕೋಟಿ ವರ್ಷದ ಗ್ರಾನೈಟ್, ಸ್ವಾಮೀ!

ಚಿಕ್ಕಂದಿನಲ್ಲಿ ಕಂಡಲ್ಲಿ ಇದಕ್ಕೆ ಕಲ್ಲು ಬೀರಿದವರ ಪೈಕಿ ನಾನೂ ಒಬ್ಬ. ಇವತ್ತು ಅದೇ ನನ್ನ ಮುಖದ ಗಂಟು ಬಿಡಿಸಿತ್ತು. ಥ್ಯಾಂಕ್ಸ್ ಹೇಳೋದು ಹೇಗೆ? ಸುಮ್ನೆ ಅದರಂತೆಯೇ ತಲೆ ಮೇಲೆ ಕೆಳಗೆ ಆಡಿಸಿದೆ. ಅದು ಒಂದು ಗಳಿಗೆ ನನ್ನನ್ನೇ ನೋಡಿತು. ಮತ್ತೆರಡು ದಂಡ ಹೊಡೆಯಿತು.

"ಯಾರಿಗ್ರೀ ಹಂಗ ತಲಿ ಹಾಕಾಕತ್ತೀರಿ?"

ಹಿಂದೆ ಆಡು ಕಾಯುವ ಅಜ್ಜ ನಿಂತಿದ್ದರು. ನಾನು ಗುಂಡಿನ ಕಡೆ ಬೆರಳು ತೋರಿಸಿದೆ.

"ಓ, ಇವನಾ? ದಿನಾ ಇಲ್ಲೇ ಇರ್ತಾನ" ಅಂದರು. "ಶಾಸನ ಆ ಕಡಿ ಐತ್ರಿ."